ಎದುರಂಗಡಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹೊಳೆಯಾಚೆಯ ಆಶ್ರಮದಲ್ಲಿ ಈಗ ಇಬ್ಬರೇ ಶಿಷ್ಯರು ಉಳಿದಿದ್ದಾರಂತೆ. ಇಷ್ಟು ವರ್ಷ ನಿಮ್ಮ ಮಾತನ್ನೆಲ್ಲ ಅಲ್ಲಗಳೆದ ಆ ಆಚಾರ್ಯರು ಬಾಗಿಲು ಹಾಕಿ ಹೊರಡುತ್ತಾರಂತೆ. ಇನ್ನು ಎಲ್ಲರೂ ನಮ್ಮಲ್ಲಿಗೇ ಬರುತ್ತಾರಲ್ಲವೆ?"

ಗುರುಗಳು ಹೇಳಿದರು:

ಒಂದು ನಗರದ ಹಳೆಯ ಪೇಟೆಯಲ್ಲಿ ಬೀದಿಯ ತುಂಬ ಹಿತ್ತಾಳೆ, ತಾಮ್ರದ ಅಂಗಡಿಗಳಿದ್ದವು. ಸುತ್ತಲಿನ ಊರುಗಳವರು ಮದುವೆಯ ಪಾತ್ರೆಗಳಿಗೆ ಅಲ್ಲಿಗೇ ಬರುತ್ತಿದ್ದರು. ಅಲ್ಲಿಯ ಒಬ್ಬ ವ್ಯಾಪಾರಿಗೆ ತನ್ನ ಎದುರಂಗಡಿಯವನನ್ನು ಕಂಡರೆ ಆಗುತ್ತಿರಲಿಲ್ಲ. ಗಿರಾಕಿಗಳು ಇವನಲ್ಲಿ ದರ ಕೇಳುವರು, ಬೀದಿ ದಾಟಿ ಅವನಲ್ಲಿ ಕೇಳುವರು, ಎಷ್ಟೋ ಸಲ ಅಲ್ಲೇ ಕೊಳ್ಳುವರು.

ಮುಂದೆ ನಗರ ಬೇರೆ ದಿಕ್ಕಿಗೆ ಬೆಳೆಯಿತು. ಪೇಟೆಯ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಎದುರಂಗಡಿಯೂ ಮುಚ್ಚಿದ ದಿನ ವ್ಯಾಪಾರಿ ಮನೆಯಲ್ಲಿ ಪಾಯಸ ಮಾಡಿಸಿದ. ಇಡೀ ಬೀದಿಗೆ ತಾನೊಬ್ಬನೇ, ಬಂದವರೆಲ್ಲ ತನ್ನವರೇ ಎಂದುಕೊಂಡ.

ಬರುವವರೇ ಕಡಿಮೆಯಾದರು. ಅವನು ಗೋಡೆಗೆ ಸುಣ್ಣ ಹೊಡೆಸಿದ, ದರ ಇಳಿಸಿದ. ಬಂದ ಕೆಲವರು ಪಾತ್ರೆಗಳನ್ನು ಬಡಿದು ನೋಡಿ, ತಲೆಯಾಡಿಸಿ ಹೋದರು. ಬರುವ ಮದುವೆಯ ಕಾಲವೂ ಹೀಗೇ ಕಳೆದರೆ ಅಜ್ಜನ ಕಾಲದ ಅಂಗಡಿಯನ್ನು ಅವನೂ ಮುಚ್ಚಬೇಕಿತ್ತು.

ಕಾರಣವೇನೆಂಬ ಕುತೂಹಲ ಅವನನ್ನು ಬಿಡಲಿಲ್ಲ. ಒಂದು ದಿನ ಹಂಡೆ ನೋಡಿ ಹೊರಟ ಮುದುಕಿಯನ್ನು ತಡೆದು ಕೇಳಿದ: "ಯಾಕಜ್ಜಿ, ದರ ಜಾಸ್ತಿಯಾಯಿತೆ?"

"ಸರಿಯೇ ಇರಬಹುದಪ್ಪ. ಸರಿ ಅಂತ ನನಗೆ ಗೊತ್ತಾಗೋದು ಹೇಗೆ? ಇನ್ನೊಂದು ಕಡೆ ಕೇಳೋಣ ಅಂದರೆ ಇಲ್ಲಿ ಇರೋನು ನೀನೊಬ್ಬನೇ. ಮೊಮ್ಮಗಳ ಮದುವೆಗೆ ಒಂದೇ ಅಂಗಡಿ ನೋಡಿ ಹಂಡೆ ತಂದೆ ಅಂದರೆ ಮನೆಯವರು ನನಗೆ ಅರಳುಮರಳು ಅಂತಾರೆ."

ವ್ಯಾಪಾರಿ ಅಂಗಡಿ ಮುಚ್ಚಿ, ಎದುರಂಗಡಿಯವನು ಹೋಗಿ ನೆಲೆಸಿದ್ದ ಹಳ್ಳಿಗೆ ನಡೆದ. ಅವನು ತಮ್ಮನ ಮನೆಯ ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ.

"ಬನ್ನಿ ಶೆಟ್ಟರೆ! ನಾನು ಕದ ಹಾಕಿದ ದಿನ ನಿಮ್ಮ ಮನೇಲಿ ಪಾಯಸವಂತೆ. ಉಳಿದಿದ್ದರೆ ತಂದಿರೇನು?"

"ಪಾಯಸ ಮಾಡಿಸಿದ್ದು ನಿಜ. ಈಗ ಆ ಕದ ತೆಗಿ ಅಂತ ಕೇಳೋಕೆ ಬಂದೆ."

"ತೆಗೆದು ಏನು ಮಾರಲಿ, ಗಾಳಿಯನ್ನ?"

"ನನ್ನ ಸರಕಲ್ಲಿ ಅರ್ಧ ತಗೋ."

"ತೂತು ಬಿದ್ದ ಅರ್ಧ ತಾನೆ?"

"ನೀನೇ ಆರಿಸಿಕೋ ಮಾರಾಯ."

ಅವನು ಬಂದ. ಒಳ್ಳೆಯದನ್ನೇ ಆರಿಸಿಕೊಂಡ. ವ್ಯಾಪಾರಿ ಒಂದೊಂದೇ ಹಂಡೆಯನ್ನು ಹೊತ್ತು ಬೀದಿ ದಾಟಿಸಿದ.

ಪೇಟೆಯಲ್ಲಿ ಮತ್ತೆ ಎರಡು ಅಂಗಡಿಗಳಿವೆ ಎಂಬ ಸುದ್ದಿ ಸಂತೆಗಳಲ್ಲಿ ಹರಡಿತು. ಮದುವೆಯ ಕಾಲ ಬಂದಾಗ ಮೊದಲ ಗಾಡಿ ವ್ಯಾಪಾರಿಯ ಮುಂದೆ ನಿಂತಿತು. ಗಾಡಿಯವರು ದರ ಕೇಳಿದರು, ಬೀದಿ ದಾಟಿದರು, ಅಲ್ಲೇ ಕೊಂಡರು. ವ್ಯಾಪಾರಿಯ ಹೊಟ್ಟೆ ಉರಿಯದೆ ಇರಲಿಲ್ಲ. ಎರಡನೆಯ ಗಾಡಿಯವರು ಅಲ್ಲಿ ಕೇಳಿ ಇಲ್ಲಿ ಕೊಂಡರು. ಸಂಜೆಯವರೆಗೂ ಬೀದಿಯಲ್ಲಿ ಚೌಕಾಸಿಯ ಗಲಾಟೆ. ಕೆಲವು ದಿನಕ್ಕೆ ಕಲಾಯಿ ಹಾಕುವವನು ತಿದಿ ಹೊತ್ತು ಬಂದ. ಆಮೇಲೆ ದೀಪದ ಕಂಬ ಮಾರುವವನು ಬಂದ. ಅವನ ಹಿಂದೆ, ಹೋದವರಲ್ಲಿ ಬಹಳ ಜನ ಬಂದು ತಮ್ಮ ತಮ್ಮ ಕದ ತೆಗೆದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಆಚೆ ದಡದ ಆಚಾರ್ಯರು ಉಳಿಯಬೇಕು. ಅವರಿಗೆ ನಾವು ಏನು ಕೊಡೋಣ?"

"ನನ್ನ ಬಳಿ ಇರುವವರಲ್ಲಿ ನೀನೇ ಜಾಣ, ನಾಳೆ ಹೊಳೆ ದಾಟಿ ಅವರ ಶಿಷ್ಯನಾಗು."