ತಾರು ನಡೆಯುವ ಮರಳು

ಮಡಿಲಲ್ಲಿ ಇದ್ದವರು ಮಡಿಲಲ್ಲೇ ಇರಿ. ಚಾಪೆ ಮೇಲೆ ಇದ್ದವರು ಚಾಪೆ ಮೇಲೇ ಇರಿ. ಯಾರೂ ಏಳಬೇಡಿ, ಕತೆ ಹೊರಟಿತು.

ಕಡಲ ಬದಿಯಲ್ಲಿ ಒಂದು ಮನೆ. ಮನೆಯಲ್ಲಿ ಗುಲಾಬಿ ಅಜ್ಜಿ. ಅಜ್ಜಿಯ ಸೊಂಟದಲ್ಲಿ ಮೊಮ್ಮಗಳು ತಾರು. ತಾರುವಿಗೆ ಹನ್ನೊಂದು ತಿಂಗಳು. ನಿಲ್ಲಲು ಬರುತ್ತದೆ, ನಡೆಯಲು ಬರುವುದಿಲ್ಲ.

ಆ ಕೇರಿಯ ಮಕ್ಕಳೆಲ್ಲ ನಡೆಯಲು ಕಲಿಯುವುದು ಮರಳಲ್ಲಿ. ತಾರುವಿನ ಅಪ್ಪ ಕಲಿತದ್ದೂ ಮರಳಲ್ಲೇ. ಅಜ್ಜಿ ಕಲಿತದ್ದೂ ಮರಳಲ್ಲೇ. ಮರಳಲ್ಲಿ ಬಿದ್ದರೆ ನೋವಾಗುವುದಿಲ್ಲ ನೋಡಿ!

ಒಂದು ಬೆಳಿಗ್ಗೆ ಅಜ್ಜಿ ಬಾಗಿಲು ತೆಗೆದಳು. ಅಯ್ಯಯ್ಯೋ! ಮರಳೇ ಇಲ್ಲ. ಬರೀ ಕಲ್ಲು. ತಾರು ಕಲ್ಲಿನ ಮೇಲೆ ನಿಂತಳು. ದೊಪ್! ಬಿದ್ದಳು. ಮೊಣಕಾಲು ತರಚಿತು. ಹೋ ಎಂದು ಅತ್ತಳು. ಆಮೇಲೆ ಅಜ್ಜಿ ಎತ್ತಿ ನಿಲ್ಲಿಸಿದರೂ ಕಾಲೂರಲಿಲ್ಲ.

ಅಜ್ಜಿ ಮಗುವನ್ನು ಎತ್ತಿಕೊಂಡು ತೆರೆಯ ಹತ್ತಿರ ಹೋದಳು.

"ತೆರೆಯೇ ತೆರೆಯೇ, ತಾರು ನಡೆಯಬೇಕು. ನೀನು ಮರಳು ಕೊಡು."

"ಕೊಡುದಿಲ್ಲ ಅಜ್ಜಿ. ಕೊಟ್ಟದ್ದನ್ನೆಲ್ಲ ಗಾಳಿ ಹಾರಿಸುತ್ತದೆ. ಗಾಳಿಯನ್ನು ಕೇಳು."

ಅಜ್ಜಿ ಗಾಳಿಯ ಹತ್ತಿರ ಹೋದಳು.

"ಗಾಳಿಯೇ ಗಾಳಿಯೇ, ತಾರು ನಡೆಯಬೇಕು. ತೆರೆ ಮರಳು ಕೊಡುದಿಲ್ಲ. ನೀನು ಹಾರಿಸದೆ ಬಿಡು."

"ಬಿಡುದಿಲ್ಲ ಅಜ್ಜಿ. ಹಿಡಿದುಕೊಳ್ಳುವವರು ಇಲ್ಲದಿದ್ದರೆ ನಾನು ಹಾರಿಸುವವನೇ! ಬಳ್ಳಿಯನ್ನು ಕೇಳು."

ಮರಳ ಮೇಲೆ ಹಬ್ಬುವ ಬಳ್ಳಿ ಬೇಲಿಯ ಬುಡದಲ್ಲಿ ಬಾಡಿ ಬಿದ್ದಿತ್ತು.

"ಬಳ್ಳಿಯೇ ಬಳ್ಳಿಯೇ, ತಾರು ನಡೆಯಬೇಕು. ತೆರೆ ಮರಳು ಕೊಡುದಿಲ್ಲ. ಗಾಳಿ ಹಾರಿಸದೆ ಬಿಡುದಿಲ್ಲ. ನೀನು ಹಿಡಿದು ನಿಲ್ಲು."

"ಓಹೋ! ಒಣಮೀನು ಹರಡಲು ಜಾಗ ಬೇಕೆಂದು ನನ್ನನ್ನು ಕಿತ್ತು ಬಿಸಾಡಿದ್ದು ಯಾರು?"

ಅಜ್ಜಿ ತಲೆ ತಗ್ಗಿಸಿದಳು. "ನಾನೇ ಮಾರಾಯ್ತಿ. ತಪ್ಪಾಯಿತು."

"ಹೋಗಲಿ ಬಿಡು. ಆದರೆ ಬೇರು ಊರಲು ಹೊಸ ಮರಳು ಬೇಕಲ್ಲ? ಹೊಳೆಯನ್ನು ಕೇಳು."

ಅಜ್ಜಿ ಹೊಳೆಯ ಹತ್ತಿರ ಹೋದಳು.

"ಹೊಳೆಯೇ ಹೊಳೆಯೇ, ತಾರು ನಡೆಯಬೇಕು. ತೆರೆ ಮರಳು ಕೊಡುದಿಲ್ಲ. ಗಾಳಿ ಹಾರಿಸದೆ ಬಿಡುದಿಲ್ಲ. ಬಳ್ಳಿ ಹಿಡಿದು ನಿಲ್ಲುದಿಲ್ಲ. ನೀನು ಹೊತ್ತು ತಾ."

"ಎಂಥದು ಹೊತ್ತು ತರಲಿ ಅಜ್ಜಿ? ಗುಡ್ಡ ಒಂದು ಕಲ್ಲೂ ಕೊಡುದಿಲ್ಲ. ಕಲ್ಲಿಲ್ಲದೆ ಏನನ್ನು ಅರೆದು ಮರಳು ಮಾಡಲಿ? ಗುಡ್ಡವನ್ನು ಕೇಳು."

ಅಜ್ಜಿ ಏದುಸಿರು ಬಿಡುತ್ತ ಗುಡ್ಡದ ಹತ್ತಿರ ಹೋದಳು. ಪಾಪ, ಸೊಂಟದಲ್ಲಿ ಮಗು ಬೇರೆ!

"ಗುಡ್ಡವೇ ಗುಡ್ಡವೇ, ತಾರು ನಡೆಯಬೇಕು. ತೆರೆ ಮರಳು ಕೊಡುದಿಲ್ಲ. ಗಾಳಿ ಹಾರಿಸದೆ ಬಿಡುದಿಲ್ಲ. ಬಳ್ಳಿ ಹಿಡಿದು ನಿಲ್ಲುದಿಲ್ಲ. ಹೊಳೆ ಹೊತ್ತು ತರುದಿಲ್ಲ. ನೀನಾದರೂ ಕಲ್ಲು ಕೊಡಪ್ಪಾ."

"ಕೊಡುದಿಲ್ಲ. ಮಳೆ ಹೊಡೆದರೂ ಕೊಡಲಿಲ್ಲ. ಬಿಸಿಲು ಸುಟ್ಟರೂ ಕೊಡಲಿಲ್ಲ. ಇನ್ನು ನಿನಗೆ ಕೊಡುತ್ತೇನಾ? ಹೋಗು ಹೋಗು."

ಅಜ್ಜಿಗೆ ಕಾಲು ಸೋತಿತು. ಅಲ್ಲೇ ಕುಕ್ಕರಿಸಿದಳು. ತಾರುವನ್ನು ಪಕ್ಕದಲ್ಲಿ ಕೂರಿಸಿದಳು. ತಾರು ಸುಮ್ಮನೆ ಕೂರುವ ಮಗುವಾ? ಪುಟ್ಟ ಕೈ ಚಾಚಿದಳು. ಗುಡ್ಡದ ಹೊಟ್ಟೆಯನ್ನು ಐದೂ ಬೆರಳಲ್ಲಿ ಪರಪರ ಕೆರೆದಳು.

ಗುಡ್ಡಕ್ಕೆ ಕಚಗುಳಿ!

"ಹಿಹ್ಹಿ! ಬಿಡೇ ಮಗಳೇ! ಹಹ್ಹಹ್ಹಾ!" ಗುಡ್ಡ ನಕ್ಕಿತು. ಹೊಟ್ಟೆ ಕುಲುಕಿತು. ಅಜ್ಜಿ ಮಗುವನ್ನು ಬಾಚಿಕೊಂಡು ಪಕ್ಕಕ್ಕೆ ಸರಿದಳು. ಗುಡುಗುಡು ಗುಡುಗುಡು ಕಲ್ಲು ಉರುಳಿ ಹೊಳೆಗೆ ಬಿತ್ತು.

ಗುಡ್ಡ ಕಲ್ಲು ಕೊಟ್ಟಿತು. ಹೊಳೆ ಅರೆದು ಅರೆದು, ಮರಳು ಮಾಡಿ, ಹೊತ್ತು ತಂದಿತು. ಅಜ್ಜಿ ತನ್ನ ಕೈಯಾರೆ ಬಳ್ಳಿ ನೆಟ್ಟಳು. ಬಳ್ಳಿ ಹಿಡಿದು ನಿಂತಿತು. ಗಾಳಿ ಹಾರಿಸದೆ ಬಿಟ್ಟಿತು. ತೆರೆ ಮರಳು ಕೊಟ್ಟಿತು. ಒಂದೇ ದಿನದಲ್ಲಾ? ಇಲ್ಲಪ್ಪಾ! ಬೊಗಸೆ ಬೊಗಸೆಯಾಗಿ, ದಿನಾ ಸ್ವಲ್ಪ, ದಿನಾ ಸ್ವಲ್ಪ.

ಮರಳು ಮನೆ ಬಾಗಿಲ ತನಕ ಬಂತು. ಅಜ್ಜಿ ತಾರುವನ್ನು ಕೆಳಗಿಳಿಸಿದಳು. ತಾರು ಸೆರಗು ಬಿಡಲಿಲ್ಲ.

"ಹೆದರಬೇಡ ಮಗಾ. ನಾನಿದ್ದೇನೆ."

ತಾರು ಸೆರಗು ಬಿಟ್ಟಳು. ಒಂದು ಹೆಜ್ಜೆ. ಎರಡು ಹೆಜ್ಜೆ. ದೊಪ್!

ಅಜ್ಜಿ ಎತ್ತಿಕೊಳ್ಳಲು ಕೈ ಚಾಚಿದಳು.

ತಾರು ಮರಳಲ್ಲಿ ಕೂತು ನಕ್ಕಳು. ತಾನೇ ಎದ್ದಳು. ಅಜ್ಜಿಯನ್ನು ಹಿಂದೆ ಬಿಟ್ಟು ತಪ್ಪು ತಪ್ಪು ಹೆಜ್ಜೆ ಇಡುತ್ತ ಮುಂದೆ ಮುಂದೆ ನಡೆದಳು.

ಮಗು ಅಳಲಿಲ್ಲ. ಅಜ್ಜಿ ಅತ್ತಳು.