ಬರಿಗೋಲಿನ ಆರು ಕಚ್ಚು

ತುಂಬಾ ಹಿಂದೆ, ಚೌಳುಗುಂಟೆ ಎಂಬ ಒಂದು ಊರಿನಲ್ಲಿ ಬೊಮ್ಮಕ್ಕ ಎಂಬ ಹೆಂಗಸಿದ್ದಳು. ಎಷ್ಟು ಹಿಂದೆ ಎಂದು ಕೇಳಬೇಡಿ. ಆಗ ನಮ್ಮ ಕಡೆಗೆ ಉಪ್ಪು ಸಮುದ್ರದಿಂದ ಬರುತ್ತಿರಲಿಲ್ಲ, ಮಣ್ಣಿನಿಂದ ಬರುತ್ತಿತ್ತು. ಊರ ಕೆಳಗಿನ ಬಯಲೆಲ್ಲ ಚೌಳು. ಜನ ಆ ಮಣ್ಣನ್ನು ಕೆರೆದು, ನೀರಿನಲ್ಲಿ ಕಲಸಿ, ಸೋಸಿ, ಸೋಸಿದ ನೀರನ್ನು ಪಾತಿಗೆ ಬಿಡುತ್ತಿದ್ದರು. ಬಿಸಿಲು ನೀರನ್ನು ಕುಡಿದು ಉಪ್ಪನ್ನು ಬಿಟ್ಟುಹೋಗುತ್ತಿತ್ತು. ಬೊಮ್ಮಕ್ಕನಿಗೆ ಗಂಡ ಇರಲಿಲ್ಲ, ಒಂದು ಪಾತಿ ಇತ್ತು. ಆ ಪಾತಿ ವಾರಕ್ಕೆ ಒಂದು ಬಳ್ಳ ಉಪ್ಪು ಕೊಡುತ್ತಿತ್ತಂತೆ. ಒಂದು ಬಳ್ಳ ಅಂದರೆ ಇಪ್ಪತ್ತು ಹಿಡಿ.

ಸಂತೆಯ ದಾರಿಯಲ್ಲಿ ಸುಂಕದ ಕಟ್ಟೆ ಇತ್ತು. ಕಟ್ಟೆಯ ಮೇಲೆ ತೂಗುಕೋಲು ಇತ್ತು. ಉದ್ದನೆಯ ಮರದ ಕೋಲು, ಒಂದು ತುದಿಗೆ ಕೊಕ್ಕೆ, ಮೈಮೇಲೆ ಸಾಲಾಗಿ ಕೊರೆದ ಐವತ್ತು ಕಚ್ಚು. ಕೊಕ್ಕೆಗೆ ಉಪ್ಪಿನ ಗಂಟು ಸಿಕ್ಕಿಸಿ, ಹಗ್ಗಕ್ಕೆ ಕಟ್ಟಿದ ಗುಂಡುಕಲ್ಲನ್ನು ಕಚ್ಚಿನಿಂದ ಕಚ್ಚಿಗೆ ಸರಿಸುತ್ತ ಹೋಗುವುದು. ಎಷ್ಟನೆಯ ಕಚ್ಚಿಗೆ ಕೋಲು ಸಮನಾಗಿ ನಿಂತಿತೋ ಅಷ್ಟು ತೂಕ. ಒಂದು ಕಚ್ಚಿಗೆ ಒಂದು ಹಿಡಿ ಉಪ್ಪು ಸುಂಕ. ಸುಂಕ ಎತ್ತುವವನ ಹೆಸರು ಹಂಪರಸ. ಅವನ ಹೊಟ್ಟೆ ಅವನಿಗಿಂತ ಮೊದಲು ಕಟ್ಟೆಗೆ ಬರುತ್ತಿತ್ತು ಅನ್ನುತ್ತಾರೆ.

ಬೊಮ್ಮಕ್ಕನ ಒಂದು ಬಳ್ಳಕ್ಕೆ ಕೋಲು ಎಂಟು ಕಚ್ಚು ತೋರಿಸುತ್ತಿತ್ತು. ಎಂಟು ಹಿಡಿ ಕಟ್ಟೆಗೆ, ಹನ್ನೆರಡು ಹಿಡಿ ಅವಳಿಗೆ. ಹನ್ನೆರಡು ಹಿಡಿ ಉಪ್ಪು ಮಾರಿ ಯಾರು ವಾರ ಕಳೆಯುತ್ತಾರೆ? ಹಾಗೆಂದು ಮನೆಯಲ್ಲಿ ಕೂರುವಂತೆಯೂ ಇರಲಿಲ್ಲ. ಮೂರು ಸಂತೆ ಯಾರ ಉಪ್ಪು ಕಟ್ಟೆ ದಾಟಲಿಲ್ಲವೋ ಅವರ ಪಾತಿ ಹಂಪರಸನಿಗೆ ಎಂಬುದು ಕಟ್ಟಳೆ. ಒಂದೊಂದೇ ಬಳ್ಳ ಹೊರುವವರು ಸೋತು ಬಿಟ್ಟರು. ಹೀಗೆ ಹನ್ನೊಂದು ಪಾತಿ ಹೋಗಿದ್ದವು. ಹನ್ನೆರಡನೆಯದು ತನ್ನದೇ ಎಂದು ಬೊಮ್ಮಕ್ಕನಿಗೆ ಗೊತ್ತಿತ್ತು.

ಕೋಲು ಸುಳ್ಳು ಹೇಳುತ್ತದೆ ಎಂಬ ಅನುಮಾನ ಎಲ್ಲರಿಗೂ ಇತ್ತು. ಎಷ್ಟು ಸುಳ್ಳು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬರಿಗೋಲನ್ನು ಎತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಕೊಕ್ಕೆಯಲ್ಲಿ ಏನೂ ಇಲ್ಲದೆ ಕೋಲನ್ನು ತೂಗಬಾರದು, ತೂಗಿದವರ ಮನೆಯಲ್ಲಿ ಆ ವಾರವೇ ಹೆಣ ಏಳುತ್ತದೆ ಎಂಬ ಮಾತಿತ್ತು. ಮೊದಲು ಹೇಳಿದವರು ಯಾರೋ ತಿಳಿಯದು. ಹೆಚ್ಚು ಸಲ ಹೇಳಿದವನು ಮಾತ್ರ ಹಂಪರಸ.

ಬೊಮ್ಮಕ್ಕ ಕೋಲಿನ ಹತ್ತಿರ ಹೋಗಲಿಲ್ಲ. ತನ್ನ ಉಪ್ಪಿನ ಗುಡಿಸಲಿನ ಗೋಡೆಯ ಹತ್ತಿರ ಹೋದಳು ಅನ್ನುತ್ತಾರೆ. ಮಣ್ಣಿನ ಗೋಡೆ. ಎಡಗಡೆಯ ಮೂಲೆಯಿಂದ ಶುರುಮಾಡಿ, ನೆಲದ ಉದ್ದಕ್ಕೂ ಒಂದು ಗೇಣಿಗೆ ಒಂದು ಬಳ್ಳ ಎಂದು ಗುರುತು ಹಾಕಿದಳು. ನೆಲದಿಂದ ಮೇಲಕ್ಕೆ ಒಂದು ಬೆರಳಿಗೆ ಒಂದು ಕಚ್ಚು ಎಂದು ಇಟ್ಟುಕೊಂಡಳು. ಅವಳ ಉಪ್ಪು ಒಂದು ಬಳ್ಳ, ಎಂಟು ಕಚ್ಚು. ಮೂಲೆಯಿಂದ ಒಂದು ಗೇಣು ಬಲಕ್ಕೆ ಹೋಗಿ, ಎಂಟು ಬೆರಳು ಮೇಲೆ ಒಂದು ಜಾಲಿಮುಳ್ಳು ಚುಚ್ಚಿದಳು. ಆಮೇಲೆ ಕಟ್ಟೆಯಿಂದ ಬಂದವರನ್ನೆಲ್ಲ ನಿಲ್ಲಿಸಿ ಕೇಳಿದಳು. ಎಷ್ಟು ಬಳ್ಳ ಒಯ್ದಿರಿ, ಎಷ್ಟು ಕಚ್ಚು ತೋರಿಸಿತು? ಐದು ಬಳ್ಳಕ್ಕೆ ಹದಿನಾರು ಎಂದ ಒಬ್ಬ. ಒಂದು ಮುಳ್ಳು. ಎತ್ತಿನ ಮೇಲೆ ಹತ್ತು ಬಳ್ಳ ಹೇರಿದವನು ಇಪ್ಪತ್ತಾರು ಎಂದ. ಇನ್ನೊಂದು ಮುಳ್ಳು.

ಊರಲ್ಲಿ ಎಲ್ಲರಿಗಿಂತ ಹಿರಿಯಳು ಕಾಟಮ್ಮಜ್ಜಿ. ಅವಳು ಬಾಗಿಲಲ್ಲಿ ನಿಂತು ನಕ್ಕಳಂತೆ. “ಏನೇ ಬೊಮ್ಮೀ, ಗೋಡೆಗೆ ಮೊಳಕೆ ಬಂದೈತಾ?”

“ಬರ್ತೈತಿ ಇರಜ್ಜೀ. ನಿಂದೆಷ್ಟು ಹೇಳು.”

ಮೂರು ಬಳ್ಳ, ಹತ್ತು ಕಚ್ಚು ಎಂದಳು ಅಜ್ಜಿ. ಅದಕ್ಕೂ ಒಂದು ಮುಳ್ಳು ಬಿತ್ತು.

ಪಾತಿ ಕಟ್ಟುವವರಿಗೆ ಒಂದು ಅಭ್ಯಾಸ ಇರುತ್ತದೆ. ಎರಡು ಗೂಟ ಹೊಡೆದು ದಾರ ಎಳೆದು, ಆ ದಾರದ ಗುಂಟ ಬದು ಹಾಕುತ್ತಾರೆ. ಎರಡು ಗೂಟ ಸಾಕು, ಬದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಬೊಮ್ಮಕ್ಕ ಕೈ ಕಲಿತದ್ದನ್ನೇ ಮಾಡಿದಳು. ತನ್ನ ಮುಳ್ಳಿಗೂ ಎತ್ತಿನವನ ಮುಳ್ಳಿಗೂ ದಾರ ಬಿಗಿದಳು. ನಡುವಿನ ಮುಳ್ಳುಗಳೆಲ್ಲ ದಾರಕ್ಕೆ ತಾಗಿ ನಿಂತವು. ಒಂದು ಮಾತ್ರ ದಾರದ ಕೆಳಗೆ ಬೇರೆಯಾಗಿ ನಿಂತಿತ್ತು, ಅಜ್ಜಿಯ ಮುಳ್ಳು. ಬೊಮ್ಮಕ್ಕ ಅಜ್ಜಿಯ ಮುಖ ನೋಡಿದಳು. ಅಜ್ಜಿ ಸೆರಗು ಸರಿಮಾಡಿಕೊಂಡು, ಒಯ್ದದ್ದು ಎರಡೇ ಬಳ್ಳ, ಎದುರುಮನೆಯವಳು ಕೇಳಿಸಿಕೊಳ್ಳುತ್ತಿದ್ದಳಲ್ಲ, ಅದಕ್ಕೆ ಮೂರು ಅಂದೆ ಎಂದಳಂತೆ. ಆ ಮುಳ್ಳನ್ನು ಎಡಕ್ಕೆ, ಎರಡು ಬಳ್ಳದ ಗುರುತಿಗೆ ಸರಿಸಿದರು. ಅದೂ ದಾರಕ್ಕೆ ಬಂತು. ಅಂದಿನಿಂದ ಆ ಗೋಡೆಯ ಮುಂದೆ ಯಾರೂ ಸುಳ್ಳು ಹೇಳಲಿಲ್ಲ. ಮುಳ್ಳುಗಳು ತಾವಾಗಿಯೇ ನಡೆದು ಬಂದು ಸಾಲು ನಿಂತವು ಎಂದು ಹೇಳುವವರೂ ಇದ್ದಾರೆ. ಹೇಳಲಿ.

ಬೊಮ್ಮಕ್ಕ ದಾರವನ್ನು ಓದಿದಳು. ಒಂದು ಗೇಣು ಬಲಕ್ಕೆ ಹೋದರೆ ದಾರ ಎರಡು ಬೆರಳು ಏರುತ್ತಿತ್ತು. ಎಲ್ಲಿ ಅಳೆದರೂ ಎರಡೇ ಬೆರಳು. ಅಂದರೆ ಒಂದು ಬಳ್ಳಕ್ಕೆ ಎರಡು ಕಚ್ಚು. ಅದರಲ್ಲಿ ಮೋಸವಿಲ್ಲ, ಬಡವನ ಬಳ್ಳಕ್ಕೂ ಸಾಹುಕಾರನ ಬಳ್ಳಕ್ಕೂ ಅಷ್ಟೇ. ಹಾಗಾದರೆ ತನ್ನ ಒಂದು ಬಳ್ಳಕ್ಕೆ ಎಂಟು ಹೇಗಾಯಿತು? ಅವಳು ದಾರವನ್ನು ಹಿಂದಕ್ಕೆ, ಎಡಕ್ಕೆ, ಮೂಲೆಯ ತನಕ ಎಳೆದಳು. ಮೂಲೆ ಅಂದರೆ ಒಂದು ಹಿಡಿಯೂ ಉಪ್ಪಿಲ್ಲದ ಜಾಗ. ಅಲ್ಲಿ ದಾರ ನೆಲಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ. ನೆಲದಿಂದ ಆರು ಬೆರಳು ಮೇಲೆ ನಿಂತುಬಿಟ್ಟಿತು.

ಕೋಲನ್ನು ಮುಟ್ಟದೆ ಅವಳು ಬರಿಗೋಲನ್ನು ತೂಗಿದ್ದಳು.

ಬಳ್ಳಕ್ಕೆ ಎರಡು, ಮೇಲೆ ಆರು. ಅವಳಿಗೆ ಸಿಕ್ಕ ಮಾತು ಇಷ್ಟೇ. ಒಂದು ಗಂಟಿಗೆ ಆರು ಕಚ್ಚು ಸುಮ್ಮನೆ ಸೇರುತ್ತಿತ್ತು, ಗಂಟು ದೊಡ್ಡದಿರಲಿ ಸಣ್ಣದಿರಲಿ. ಹತ್ತು ಬಳ್ಳದವನಿಗೆ ಅದು ಕಾಣಿಸದ ನಷ್ಟ. ಒಂದು ಬಳ್ಳದವಳಿಗೆ ಪಾತಿಯೇ ಹೋಗುವ ನಷ್ಟ.

ಮುಂದಿನ ಸಂತೆಯ ದಿನ ಬೊಮ್ಮಕ್ಕ ಎಂಟು ಹೆಂಗಸರನ್ನು ಕರೆದಳು. ತಾನೂ ಸೇರಿ ಒಂಬತ್ತು. ಒಬ್ಬೊಬ್ಬರದು ಒಂದೋ ಎರಡೋ ಮೂರೋ ಬಳ್ಳ, ಎಲ್ಲ ಸೇರಿ ಇಪ್ಪತ್ತು. ಒಂಬತ್ತು ಸಣ್ಣ ಗಂಟುಗಳನ್ನು ಒಂದೇ ದೊಡ್ಡ ಬಟ್ಟೆಯಲ್ಲಿ ಕಟ್ಟಿ, ಬಿದಿರಿಗೆ ತೂಗುಹಾಕಿ, ಇಬ್ಬರು ಹೆಗಲು ಕೊಟ್ಟು ಹೊತ್ತು ನಡೆದರು. ಬೇರೆ ಬೇರೆ ತೂಗಿದರೆ ಒಂಬತ್ತು ಸಲ ಸೇರುವ ಆರು ಕಚ್ಚು ಹೀಗೆ ಒಂದೇ ಸಲ ಸೇರುತ್ತಿತ್ತು.

ಹಂಪರಸ ಎಲೆ ಅಡಿಕೆ ಜಗಿಯುತ್ತಿದ್ದ. “ಏನವ್ವ ಬೊಮ್ಮಕ್ಕ, ಗೋಡೆಗೆ ಮುಳ್ಳು ಚುಚ್ಚಿ ಮಾಟ ಮಾಡ್ತಿದೀಯಂತೆ. ಯಾರಿಗೆ?”

“ನಿಮ್ಮ ಕೋಲಿಗೇ ಬುದ್ಧೀ. ಇಪ್ಪತ್ತು ಬಳ್ಳ ಐತಿ. ನಲವತ್ತಾರು ಕಚ್ಚು ತೋರಿಸ್ತದೆ, ತೂಗಿ.”

ತೂಗಿದರು. ಕಲ್ಲು ಸರಿಯಿತು, ಸರಿಯಿತು, ನಲವತ್ತಾರನೆಯ ಕಚ್ಚಿಗೆ ಕೋಲು ಸಮನಾಗಿ ನಿಂತಿತು. ನೆರೆದವರು ಗುಸುಗುಸು ಎಂದರು. ಹಂಪರಸ ಜಗಿಯುವುದನ್ನು ನಿಲ್ಲಿಸಿದ. ಹೀಗೆ ಒಟ್ಟು ಕಟ್ಟಿ ತರುವಂತಿಲ್ಲ, ಅವರವರ ಗಂಟು ಅವರವರೇ ತೂಗಿಸಬೇಕು ಎಂದ.

ಯಾಕೆ ಎಂದು ಕೇಳಿದಳು ಬೊಮ್ಮಕ್ಕ. ಕೋಲು ಅದೇ, ಉಪ್ಪು ಅದೇ, ಒಟ್ಟಿಗೆ ತೂಗಿದರೇನು, ಬೇರೆ ತೂಗಿದರೇನು?

ಕಟ್ಟಳೆ ಎಂದ ಹಂಪರಸ.

“ಬೇರೆ ಬೇರೆ ತೂಗಿದ್ರೆ ತೊಂಬತ್ತನಾಲ್ಕು ಆಗ್ತದೆ ಬುದ್ಧೀ. ಹೆಚ್ಚಿನ ನಲವತ್ತೆಂಟು ಕಚ್ಚಿನ ಉಪ್ಪು ಯಾವ ಪಾತೀಲಿ ಬೆಳೀತು? ಆ ಪಾತಿ ತೋರಿಸಿ, ನಾವೂ ಹೋಗಿ ಬಾಚ್ಕೊಂಡು ಬರ್ತೀವಿ.”

ಹಂಪರಸ ಕೈ ಬೀಸಿದ. ಅವನ ಆಳುಗಳು ಮುಂದೆ ಬಂದರು. ಆಗ ಬೊಮ್ಮಕ್ಕ ಗಂಟನ್ನು ಕೊಕ್ಕೆಯಿಂದ ಬಿಚ್ಚಿ ಕೆಳಗೆ ಇಳಿಸಿದಳು. ಎಂಟು ಹೆಂಗಸರು ಅದರ ಮೇಲೆ ಒತ್ತೊತ್ತಾಗಿ ಕುಳಿತರು. ಕೊಕ್ಕೆ ಬರಿದಾಗಿತ್ತು. ಅವಳು ಗುಂಡುಕಲ್ಲಿಗೆ ಕೈ ಹಾಕಿದಾಗ ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು. ಕಾಟಮ್ಮಜ್ಜಿ ಗಂಟಿನ ಮೇಲೆ ಕುಳಿತಲ್ಲೇ ಕಣ್ಣಿಗೆ ಸೆರಗು ಮುಚ್ಚಿಕೊಂಡು, ಬೇಡ ಕಣೇ, ನಿನ್ನ ಮನೇಲಿ ಹೆಣ ಏಳ್ತದೆ ಎಂದಳಂತೆ.

“ನಮ್ಮನೇಲಿ ಇರೋದು ನಾನೊಬ್ಬಳೇ ಅಜ್ಜೀ. ಎದ್ದರೆ ನಂದೇ ಏಳ್ಲಿ” ಎಂದಳು ಬೊಮ್ಮಕ್ಕ. ಕಲ್ಲನ್ನು ಒಂದೊಂದೇ ಕಚ್ಚು ಸರಿಸಿದಳು. ಗಟ್ಟಿಯಾಗಿ ಎಣಿಸಿದಳು. ಮೂರಕ್ಕೆ ಅವಳ ಜೊತೆ ಇನ್ನೊಬ್ಬರು ಎಣಿಸಿದರು. ಐದಕ್ಕೆ ಇಡೀ ಸಂತೆ ಎಣಿಸಿತು. ಆರಕ್ಕೆ ಕೋಲು ಸಮನಾಗಿ ನಿಂತಿತು. ಕೊಕ್ಕೆಯಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಆಮೇಲೆ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಬಡಗಿಯನ್ನು ಕರೆಸಿ ಮೊದಲಿನ ಆರು ಕಚ್ಚುಗಳನ್ನು ಅಲ್ಲೇ ಕೆತ್ತಿ ತೆಗೆಸಿದರು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಂದಿನಿಂದ ಏಳನೆಯ ಕಚ್ಚೇ ಒಂದನೆಯದಾಯಿತು, ಬೊಮ್ಮಕ್ಕನ ಬಳ್ಳಕ್ಕೆ ಎರಡೇ ಹಿಡಿ ಸುಂಕವಾಯಿತು, ಅವಳ ಪಾತಿ ಅವಳಿಗೆ ಉಳಿಯಿತು. ಹೋಗಿದ್ದ ಹನ್ನೊಂದು ಪಾತಿಗಳೂ ಹಿಂದಕ್ಕೆ ಬಂದವು ಅನ್ನುತ್ತಾರೆ. ನಾಲ್ಕೇ ಬಂದವು ಎಂಬುದು ನಮ್ಮ ಮನೆತನದ ಮಾತು. ನಮ್ಮದು ಬರಲಿಲ್ಲ, ಅದಕ್ಕೇ ನಮಗೆ ಲೆಕ್ಕ ಗೊತ್ತು.

ಆ ವಾರ ಅವಳ ಮನೆಯಲ್ಲಿ ಹೆಣ ಏಳಲಿಲ್ಲ. ಅವಳೂ ಸತ್ತಳು, ನಿಜ. ನಲವತ್ತು ವರ್ಷ ಉಪ್ಪು ಬಾಚಿ, ತಲೆಯೆಲ್ಲ ಉಪ್ಪಿನ ಬಣ್ಣವಾದ ಮೇಲೆ.

ಈಗ ಚೌಳುಗುಂಟೆಯಲ್ಲಿ ಯಾರೂ ಉಪ್ಪು ತೆಗೆಯುವುದಿಲ್ಲ. ಆದರೆ ಅಲ್ಲಿಯ ಯಾವ ಅಂಗಡಿಗೆ ಹೋದರೂ ನೋಡಿ. ಬೆಲ್ಲವಿರಲಿ, ಬೇಳೆಯಿರಲಿ, ತಕ್ಕಡಿಗೆ ಹಾಕುವ ಮೊದಲು ಕೊಳ್ಳುವವರು ಅಂಗಡಿಯವನ ಕೈ ತಡೆಯುತ್ತಾರೆ. “ಮೊದಲು ಬೊಮ್ಮಕ್ಕನ ಪಾಲು ತೂಗಪ್ಪ” ಅನ್ನುತ್ತಾರೆ. ಅಂಗಡಿಯವನು ಬರಿ ತಕ್ಕಡಿಯನ್ನು ಎತ್ತಿ, ಎಲ್ಲರೂ ನೋಡುವ ತನಕ ಹಿಡಿದು ನಿಲ್ಲಬೇಕು. ಬೇಸರ ಪಟ್ಟುಕೊಂಡರೆ ಆ ಊರಿನಲ್ಲಿ ಅವನ ವ್ಯಾಪಾರ ಅಂದಿಗೆ ಮುಗಿಯಿತು.