ಮಾದಯ್ಯನ ಕೊಡದ ಹಿಂದೆ

“ಕೇಳಿರಪ್ಪೋ ಕೇಳಿ! ಮಹಾರಾಜರು ಮೂರು ಒಗಟು ಒಡ್ಡುತ್ತಾರೆ. ಮೂರಕ್ಕೂ ಉತ್ತರ ಒಂದೇ ಇಂಗ್ಲಿಷ್ ಮಾತು. ಹೇಳಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ!”

ಕೆಂಗೋಟೆಯ ಬೀದಿಯಲ್ಲಿ ಈ ಡಂಗುರ ಕೇಳಿ ಚಿಕ್ಕತಾಯಿಯ ಮೈಯೆಲ್ಲ ಉರಿಯಿತು. ಪರದೇಶದ ದೊರೆಯೊಬ್ಬ ಬಂದು ನಾಲ್ಕು ಇಂಗ್ಲಿಷ್ ಮಾತು ಕಲಿಸಿ ಹೋದದ್ದೇ ತಡ, ಈ ರಾಜನಿಗೆ ಜನರ ತಲೆ ಆಟದ ಸಾಮಾನಾಗಿತ್ತು. ಅವಳ ಅಣ್ಣ ಮಾದಯ್ಯನಂತೂ ಆಗಲೇ ಸೆರೆಮನೆಯಲ್ಲಿದ್ದ. ಮಾಡಿದ ತಪ್ಪಾದರೂ ಏನು? ಎಲ್ಲರೂ ಬೀದಿಯ ನಲ್ಲಿಗೆ ಕೊಡವಿಟ್ಟು ಕಾಯುತ್ತಿದ್ದಾಗ ಅರಮನೆಯ ಆಳು ನುಗ್ಗಿ ನೀರು ಹಿಡಿದ, ಮಾದಯ್ಯ ಅವನ ರಟ್ಟೆ ಹಿಡಿದು ಎಳೆದ. ಅಷ್ಟಕ್ಕೇ ಹುಣ್ಣಿಮೆಯ ದಿನ ನೇಣು.

“ಬೇಡಿದ್ದು ಕೊಡ್ತಾನಂತಲ್ಲ, ನೋಡೇಬಿಡ್ತೀನಿ” ಎಂದು ಅವಳು ಅರಮನೆಗೆ ನಡೆದಳು.

ರಾಜ ಮೀಸೆ ತಿರುವುತ್ತ ಕೇಳಿದ: “ನೆಲದ ಮೇಲೆ ಎಳೆದರೆ ಒಂದೇ ಹೊಲ ಇಬ್ಬರದಾಗುತ್ತದೆ. ಕಂಬದಿಂದ ಕಂಬಕ್ಕೆ ಹೋಗುತ್ತದೆ, ಮುಟ್ಟಿದವನು ಉಳಿಯುವುದಿಲ್ಲ. ಅದರಲ್ಲಿ ನಿಂತವರಿಗೆಲ್ಲ ಮುಂದೆ ಹೋಗುವ ಆಸೆ, ಆದರೂ ಒಬ್ಬರು ಇನ್ನೊಬ್ಬರನ್ನು ದಾಟುವುದಿಲ್ಲ. ಏನದು?”

ಆಸ್ಥಾನದ ಪಂಡಿತರು ಮೊದಲು ಎದ್ದರು. “ಗೆರೆ, ಕರೆಂಟಿನ ತಂತಿ, ಗಾಡಿಯ ಚಕ್ರ.”

“ಒಂದೇ ಮಾತು ಎಂದೆನಲ್ಲ! ಎಳೆದುಕೊಂಡು ಹೋಗಿ.”

ಮಂತ್ರಿಯ ಮಗ ಎದೆ ಉಬ್ಬಿಸಿ ಬಂದ. “ವೈರ್, ಪ್ರಭು. ಹೊಲಕ್ಕೆ ಎಳೆಯುವುದೂ ವೈರ್, ಕಂಬದಲ್ಲಿರುವುದೂ ವೈರ್, ಕಾಗೆಗಳು ಸಾಲಾಗಿ ಕೂರುವುದೂ ವೈರ್ ಮೇಲೆ.”

“ಕಾಗೆಗೆ ಮುಂದೆ ಹೋಗುವ ಆಸೆ ಯಾಕಯ್ಯಾ? ಇವನನ್ನೂ ಎಳೆಯಿರಿ.”

ಚಿಕ್ಕತಾಯಿ ಹಲ್ಲು ಕಡಿದಳು. ನೀರಿಗಾಗಿ ಒಂದು ದಿನವೂ ಕಾಯದ ಈ ಜನಕ್ಕೆ ಮೂರನೆಯದು ಹೊಳೆಯುವುದಾದರೂ ಹೇಗೆ?

“ಲೈನು, ಮಾಸ್ವಾಮಿ!” ಅವಳ ದನಿಗೆ ಕಾವಲುಗಾರರೂ ತಿರುಗಿ ನೋಡಿದರು. “ಹೊಲದ ಗಡಿಗೆ ಎಳೆಯೋದು ಲೈನು. ಕಂಬದ ಮೇಲಿನ ಕರೆಂಟಿಗೂ ಲೈನು ಅಂತಾರೆ. ನಲ್ಲಿ ಮುಂದೆ ನಾವು ನಿಲ್ಲೋದೂ ಲೈನೇ.”

ರಾಜನ ಮುಖ ಇಂಗು ತಿಂದ ಮಂಗನ ಮುಖದಂತಾಯಿತು. “ಸರಿಯೇ. ಆದರೆ ಯಾರೂ ದಾಟದ ಲೈನು ಇರುವುದು ಆ ದೊರೆಯ ದೇಶದಲ್ಲಿ. ನಮ್ಮೂರಲ್ಲಿ ಎಲ್ಲಿದೆ?”

“ನಮ್ಮ ಬೀದೀಲಿ ಐತೆ! ನಮ್ಮಣ್ಣನ್ನ ನೀವು ಹಿಡ್ಕೊಂಡು ಬಂದ್ರಿ, ಅವನ ಕೊಡ ಇನ್ನೂ ಲೈನಲ್ಲೇ ನಿಂತೈತೆ. ಒಬ್ಬರೂ ಅದನ್ನ ದಾಟಿಲ್ಲ. ಅದರ ಸರದಿ ಬಂದಾಗ ಯಾರಾದ್ರೂ ತುಂಬಿ ನಮ್ಮನೆಗೆ ಹೊತ್ತು ತರ್ತಾರೆ, ಖಾಲಿ ಮಾಡಿ ತಿರುಗಾ ಕೊನೇಲಿ ಇಡ್ತಾರೆ. ದಾಟಿದ್ದು ನಿಮ್ಮ ಆಳು ಒಬ್ಬನೇ. ನೇಣು ಮಾತ್ರ ನಮ್ಮಣ್ಣಂಗೆ!”

ಸಭೆ ತಲೆ ತಗ್ಗಿಸಿತು. ಕೊಟ್ಟ ಮಾತು ನುಂಗಲಾರದೆ ರಾಜ ಗೊಣಗಿದ: “ಏನು ಬೇಕೋ ಕೇಳು.”

“ನಮ್ಮಣ್ಣನ್ನ ಬಿಡಿ. ಒಗಟಿಗೆ ಸಿಕ್ಕಿಬಿದ್ದೋರ್ನೆಲ್ಲ ಬಿಡಿ. ನಾಳೆಯಿಂದ ಅರಮನೆ ಕೊಡಾನೂ ಲೈನಿಗೆ ಬರ್ಲಿ.”

ಮರುದಿನ ಬೆಳಿಗ್ಗೆ ಅರಮನೆಯ ಬೆಳ್ಳಿಯ ಕೊಡ ನಲ್ಲಿಗೆ ಬಂತು. ಹೊತ್ತು ತಂದವನು ಅದೇ ಆಳು. ಅಭ್ಯಾಸಬಲದಿಂದ ನೇರವಾಗಿ ಮುಂದಕ್ಕೆ ಹೋದವನು ಮಾದಯ್ಯನನ್ನು ಕಂಡು ನಿಂತ. ಮಾದಯ್ಯ ನೆಗ್ಗಿಹೋದ ತನ್ನ ಕೊಡದ ಹಿಂದಿನ ಜಾಗವನ್ನು ಬೆರಳಲ್ಲಿ ತೋರಿಸಿದ. ಆಳು ಬೆಳ್ಳಿಯ ಕೊಡವನ್ನು ಅಲ್ಲಿಟ್ಟು ಕಾಯತೊಡಗಿದ.